ಹಾಡಿಯ ಮಕ್ಕಳ ಆರೋಗ್ಯ ಮತ್ತು ಓದು: ಎರಡೂ ಒಟ್ಟಿಗೇ ಸುಧಾರಿಸಬೇಕು ಏಕೆ?

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಎಂಬ ಹುಟ್ಟಿನಿಂದ ಬರುವ ರಕ್ತದ ರೋಗವನ್ನು ನಿರ್ಮೂಲಗೊಳಿಸುವ ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ಅದೇ ವರ್ಷ ನವೆಂಬರ್ 15ರಂದು ಜಾರ್ಖಂಡ್‌ನ ಖುಂಟಿಯಲ್ಲಿ ಅತಿ ದುರ್ಬಲ ಬುಡಕಟ್ಟುಗಳಿಗಾಗಿ ರೂಪಿಸಿದ ಪಿಎಂ ಜನಮನ್ ಯೋಜನೆಗೆ ಚಾಲನೆ ದೊರೆಯಿತು. ಇವೆರಡರ ಪರಿಣಾಮವಾಗಿ ರಕ್ತ ತಪಾಸಣೆಯ ತಂಡಗಳು, ಮನೆಮನೆ ಸಮೀಕ್ಷೆ, ಪರೀಕ್ಷೆಯ ಫಲಿತಾಂಶ ತಿಳಿಸುವ ಬಣ್ಣದ ಕಾರ್ಡುಗಳು, ಸಂಚಾರಿ ಆಸ್ಪತ್ರೆ ಮುಂತಾದ ಮಾತುಗಳು ಹೆಗ್ಗಡದೇವನಕೋಟೆ, ಹುಣಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಹಾಡಿಗಳಲ್ಲಿಯೂ, ಅಂದರೆ ಬುಡಕಟ್ಟು ಜನರ ವಸತಿಗಳಲ್ಲಿಯೂ ಕೇಳಿಬರತೊಡಗಿದವು. ಪೇಟೆಯಲ್ಲಿ ಕುಳಿತು ಸುದ್ದಿ ಓದುವವರಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಯೋಜನೆಗಳಂತೆ ತೋರಬಹುದು. ಆದರೆ ಇವೆಲ್ಲ ಬಂದು ಸೇರುವುದು ಒಂದೇ ಮಗುವಿನಲ್ಲಿ. ಅಂಗನವಾಡಿಯಲ್ಲಿ ತೂಕ ಕಡಿಮೆ ಇರುವ ಮಗುವೇ ಮುಂದೆ ಎರಡನೆಯ ತರಗತಿಯಲ್ಲಿ ಅಕ್ಷರ ಕೂಡಿಸಲು ತಡವರಿಸುತ್ತದೆ, ಏಳನೆಯ ತರಗತಿಗೆ ಬರುವ ಮೊದಲೇ ಶಾಲೆ ಬಿಡುತ್ತದೆ. ಈ ಸರಣಿ ಹೇಗೆ ನಡೆಯುತ್ತದೆ, ಎಲ್ಲೆಲ್ಲಿ ಅದನ್ನು ತಡೆಯಬಹುದು ಎಂಬುದನ್ನು ಮೊದಲಿನಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಯಾರ ಮಕ್ಕಳು, ಎಲ್ಲಿಯ ಮಕ್ಕಳು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಗಳಿಗೆ ಸೇರಿದವರು ಸುಮಾರು 42 ಲಕ್ಷ, ಅಂದರೆ ರಾಜ್ಯದ ಜನಸಂಖ್ಯೆಯ ಶೇಕಡಾ 7ರಷ್ಟು. ಆದರೆ ಈ ಸಂಖ್ಯೆಯೊಳಗೆ ಬಯಲುಸೀಮೆಯ ದೊಡ್ಡ ಊರುಗಳಲ್ಲಿ ನೆಲೆಸಿರುವ ಸಮುದಾಯಗಳೂ ಇವೆ, ಕಾಡನ್ನೇ ಆಶ್ರಯಿಸಿ ಬದುಕಿದ ಜೇನುಕುರುಬ, ಬೆಟ್ಟಕುರುಬ, ಸೋಲಿಗ, ಯರವ, ಇರುಳಿಗ, ಮಲೆಕುಡಿಯ, ಕೊರಗ, ಸಿದ್ದಿ ಮುಂತಾದ ಸಣ್ಣ ಸಮುದಾಯಗಳೂ ಇವೆ. ಇವೆರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಕಾಡಂಚಿನ ಮಗುವಿನ ಸ್ಥಿತಿ ಲೆಕ್ಕದಲ್ಲಿ ಕಾಣದಂತಾಗುತ್ತದೆ. ಆದ್ದರಿಂದ ಇಲ್ಲಿ ಹೇಳುವ ಮಾತುಗಳು ಮುಖ್ಯವಾಗಿ ಎರಡನೆಯ ಗುಂಪಿನವರಿಗೆ, ಅದರಲ್ಲಿಯೂ ಮೈಸೂರು, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳವರಿಗೆ ಸಂಬಂಧಿಸಿದವು.

ಜೇನುಕುರುಬರ ವಸತಿಯನ್ನು ಹಾಡಿ ಎನ್ನುತ್ತಾರೆ, ಸೋಲಿಗರ ವಸತಿಯನ್ನು ಪೋಡು ಎನ್ನುತ್ತಾರೆ. ಒಂದು ಹಾಡಿಯಲ್ಲಿ ಹತ್ತಾರು ಮನೆಗಳಷ್ಟೇ ಇರಬಹುದು. ಎರಡು ಹಾಡಿಗಳ ನಡುವೆ ಕಾಡೋ ಕಾಫಿ ತೋಟವೋ ಕಬಿನಿಯ ಹಿನ್ನೀರೋ ಇರಬಹುದು. ಈ ಚದುರಿದ ನೆಲೆಯನ್ನು ನೆನಪಿನಲ್ಲಿಡುವುದು ಅಗತ್ಯ, ಏಕೆಂದರೆ ಮುಂದೆ ಬರುವ ಅನೇಕ ತೊಡಕುಗಳಿಗೆ ಅದೇ ಮೂಲ. ದೇಶದಲ್ಲಿ 75 ಸಮುದಾಯಗಳನ್ನು ಸರ್ಕಾರ ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಗುಂಪುಗಳೆಂದು ಗುರುತಿಸಿದೆ. ಕರ್ನಾಟಕದಿಂದ ಈ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು. ಪಿಎಂ ಜನಮನ್ ಈ 75 ಗುಂಪುಗಳಿಗೆಂದೇ ರೂಪಿಸಿದ ಯೋಜನೆ. ಮನೆ, ರಸ್ತೆ, ಕುಡಿಯುವ ನೀರು, ಸಂಚಾರಿ ಆಸ್ಪತ್ರೆ, ಅಂಗನವಾಡಿ, ವಸತಿನಿಲಯಗಳು ಅದರ ವ್ಯಾಪ್ತಿಯಲ್ಲಿವೆ.

ಮಗು ಬೆಳೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ

ಅಪೌಷ್ಟಿಕತೆ ಎಂಬ ಒಂದೇ ಪದವನ್ನು ನಾವು ಮೂರು ಬೇರೆ ಬೇರೆ ಸ್ಥಿತಿಗಳಿಗೆ ಬಳಸುತ್ತೇವೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ ಅದು ಕುಂಠಿತ ಬೆಳವಣಿಗೆ. ಇದು ಬಹುಕಾಲದ ಕೊರತೆಯ ಗುರುತು. ಎತ್ತರಕ್ಕೆ ತಕ್ಕ ತೂಕವಿಲ್ಲದಿದ್ದರೆ ಮಗು ಕೃಶವಾಗಿದೆ ಎಂದರ್ಥ. ಇದು ಇತ್ತೀಚಿನ ಹಸಿವಿನ ಅಥವಾ ಕಾಯಿಲೆಯ ಗುರುತು, ಜೀವಕ್ಕೆ ತಕ್ಷಣದ ಅಪಾಯವಿರುವುದು ಇದರಲ್ಲಿ. ವಯಸ್ಸಿಗೆ ತಕ್ಕ ತೂಕವಿಲ್ಲದಿರುವುದು ಮೂರನೆಯದು. ಮೊದಲಿನ ಎರಡರಲ್ಲಿ ಯಾವುದಿದ್ದರೂ ಇದು ಕಾಣಿಸಿಕೊಳ್ಳಬಹುದು. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.5ರಷ್ಟು ಮಂದಿಯ ಬೆಳವಣಿಗೆ ಕುಂಠಿತವಾಗಿತ್ತು. ಪರಿಶಿಷ್ಟ ಪಂಗಡಗಳ ಮಕ್ಕಳಲ್ಲಿ ಈ ಪ್ರಮಾಣ ಶೇಕಡಾ 40.9. ಅದೇ ಸಮೀಕ್ಷೆಯ ಪ್ರಕಾರ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲೇ ಸಾಯುವವರು ಒಟ್ಟಾರೆ ಸುಮಾರು 42, ಪರಿಶಿಷ್ಟ ಪಂಗಡಗಳಲ್ಲಿ ಸುಮಾರು 50.

ತೂಕದ ಯಂತ್ರವೂ ಎತ್ತರದ ಪಟ್ಟಿಯೂ ಇಲ್ಲದ ಕಡೆ ಒಂದು ಸರಳ ಸಾಧನವಿದೆ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಗುವಿನ ಎಡ ತೋಳಿನ ನಡುಭಾಗಕ್ಕೆ ಬಣ್ಣದ ಟೇಪು ಸುತ್ತಿ ನೋಡುತ್ತಾರೆ. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗಿದ್ದರೆ ಹಳದಿ, ಅದಕ್ಕಿಂತ ಹೆಚ್ಚಿದ್ದರೆ ಹಸಿರು. ಈ ಟೇಪನ್ನು ಬಳಸುವುದನ್ನು ತಾಯಂದಿರೇ ಕಲಿಯಬಹುದು, ಕಲಿಯಲೂಬೇಕು. ಕೆಂಪು ಬಂದ ಮಗುವಿಗೆ ಜ್ವರ, ಕಾಲಿನ ಬಾವು ಅಥವಾ ಊಟ ಸೇರದಿರುವಂಥ ಲಕ್ಷಣಗಳೂ ಇದ್ದರೆ ಸರ್ಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ಎರಡು ವಾರ ತಾಯಿಯೂ ಮಗುವಿನೊಡನೆ ಇರಬೇಕಾಗುತ್ತದೆ. ಎರಡು ವಾರ ಕೂಲಿ ಬಿಡುವುದು, ಮನೆಯಲ್ಲಿರುವ ಉಳಿದ ಮಕ್ಕಳನ್ನು ಯಾರಿಗಾದರೂ ಒಪ್ಪಿಸಿ ಬರುವುದು ಹಾಡಿಯ ತಾಯಿಗೆ ಸುಲಭವಲ್ಲ. ಕೂಲಿ ನಷ್ಟಕ್ಕೆ ಭತ್ಯೆ ಕೊಡುವ ವ್ಯವಸ್ಥೆ ಇರುವುದು ಈ ಕಾರಣಕ್ಕೆ. ಆ ಭತ್ಯೆ ಸಕಾಲದಲ್ಲಿ ಕೈಸೇರುವುದು ಔಷಧಿಯಷ್ಟೇ ಮುಖ್ಯ.

ಮೊದಲ ಸಾವಿರ ದಿನಗಳಿಗೆ ಇಷ್ಟು ಮಹತ್ವವೇಕೆ

ಗರ್ಭದಲ್ಲಿ ಕಳೆಯುವ ಸುಮಾರು 270 ದಿನ ಮತ್ತು ಹುಟ್ಟಿದ ಮೇಲಿನ ಎರಡು ವರ್ಷ ಸೇರಿದರೆ ಸಾವಿರ ದಿನವಾಗುತ್ತದೆ. ಮಿದುಳು ತನ್ನ ಗಾತ್ರದ ಬಹುಪಾಲನ್ನು ಪಡೆಯುವುದು ಈ ಅವಧಿಯಲ್ಲಿ. ನರಗಳ ಸುತ್ತ ಕವಚ ಬೆಳೆಯಲು, ಒಂದು ನರಕೋಶದಿಂದ ಇನ್ನೊಂದಕ್ಕೆ ಸಂಕೇತ ಸಾಗಿಸುವ ರಾಸಾಯನಿಕಗಳು ತಯಾರಾಗಲು ಕಬ್ಬಿಣ, ಅಯೋಡಿನ್, ಸತು, ಪ್ರೋಟೀನ್ ಮತ್ತು ಕೊಬ್ಬು ಬೇಕು. ರಾಗಿ ಬೆಳೆಯುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಪೈರು ಎಳೆಯದಾಗಿದ್ದಾಗ ಮಳೆ ಕೈಕೊಟ್ಟರೆ ಆಮೇಲೆ ಎಷ್ಟು ಸುರಿದರೂ ಹೊಲ ಹಸಿರಾಗುತ್ತದೆಯೇ ಹೊರತು ತೆನೆ ಮೊದಲಿನಂತೆ ತುಂಬುವುದಿಲ್ಲ. ಎರಡು ವರ್ಷ ದಾಟಿದ ಮೇಲೆ ಕೊಟ್ಟ ಆಹಾರ ವ್ಯರ್ಥವೆಂದು ಇದರ ಅರ್ಥವಲ್ಲ. ಆ ಆಹಾರದಿಂದ ತೂಕ ಹೆಚ್ಚುತ್ತದೆ, ರೋಗ ತಡೆದುಕೊಳ್ಳುವ ಶಕ್ತಿ ಬರುತ್ತದೆ, ಆದರೆ ಕಳೆದುಕೊಂಡ ಎತ್ತರವನ್ನೂ ಮಿದುಳಿನ ಆರಂಭದ ಬೆಳವಣಿಗೆಯನ್ನೂ ಪೂರ್ತಿಯಾಗಿ ಮರಳಿಸುವುದು ಕಷ್ಟ.

ಹಾಗಾದರೆ ಶಿಕ್ಷಣದ ಮಾತು ಆರಂಭವಾಗಬೇಕಾದದ್ದು ಒಂದನೆಯ ತರಗತಿಯಿಂದಲ್ಲ, ಬಸುರಿಯ ಊಟದಿಂದ. ಹದಿಹರೆಯದಲ್ಲಿಯೇ ಮದುವೆಯಾಗಿ, ತನ್ನ ಮೈ ಬೆಳೆಯುವುದು ಮುಗಿಯುವ ಮೊದಲೇ ತಾಯಿಯಾಗುವ ಹುಡುಗಿಗೆ ಹುಟ್ಟುವ ಮಗು 2.5 ಕಿಲೋಗಿಂತ ಕಡಿಮೆ ತೂಕವಿರುವ ಸಂಭವ ಹೆಚ್ಚು. ಆ ಹುಡುಗಿ ಎಂಟು, ಹತ್ತನೆಯ ತರಗತಿಯವರೆಗೆ ಶಾಲೆಯಲ್ಲಿಯೇ ಉಳಿದಿದ್ದರೆ ಮದುವೆ ಮುಂದಕ್ಕೆ ಹೋಗುತ್ತಿತ್ತು. ಹೀಗೆ ಒಂದು ತಲೆಮಾರಿನ ಓದು ಮುಂದಿನ ತಲೆಮಾರಿನ ಆರೋಗ್ಯವಾಗುತ್ತದೆ, ಆ ಆರೋಗ್ಯ ಮತ್ತೆ ಓದಿಗೆ ನೆರವಾಗುತ್ತದೆ.

ಅಂಗನವಾಡಿ ವ್ಯವಸ್ಥೆ ಹುಟ್ಟಿದ್ದು ಈ ಅವಧಿಯನ್ನು ಕಾಯಲೆಂದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. 2017ರಿಂದ ರಾಜ್ಯದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಬಿಸಿಯೂಟ, ಮೊಟ್ಟೆ, ಹಾಲು ಸಿಗುವ ವ್ಯವಸ್ಥೆಯಾಯಿತು. ಉದ್ದೇಶ ಸರಿಯಾಗಿಯೇ ಇತ್ತು, ಏಕೆಂದರೆ ಮನೆಗೆ ಕೊಟ್ಟ ದಿನಸಿಯನ್ನು ಮನೆಯವರೆಲ್ಲರೂ ಹಂಚಿಕೊಂಡು ಉಣ್ಣುವುದು ಸಹಜ. ಆದರೆ ಅಂಗನವಾಡಿ ಪಕ್ಕದ ಊರಿನಲ್ಲಿದ್ದು, ನಡುವೆ ಆನೆ ಓಡಾಡುವ ದಾರಿಯಿದ್ದರೆ ತುಂಬು ಗರ್ಭಿಣಿ ದಿನವೂ ನಡೆದು ಬರಲಾರಳು. ಒಂದೇ ನಿಯಮವನ್ನು ಬಯಲಿಗೂ ಕಾಡಂಚಿಗೂ ಅನ್ವಯಿಸಿದಾಗ ಏನಾಗುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ರಕ್ತಹೀನತೆ ಒಂದೇ ಬಗೆಯದಲ್ಲ

ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಮೈಯ ಎಲ್ಲ ಭಾಗಗಳಿಗೆ ಹೊತ್ತೊಯ್ಯುತ್ತದೆ. ಐದು ವರ್ಷದೊಳಗಿನ ಮಗುವಿನ ಒಂದು ಡೆಸಿಲೀಟರ್ ರಕ್ತದಲ್ಲಿ 11 ಗ್ರಾಮಿಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಇಂಥ ಮಗು ಬೇಗ ದಣಿಯುತ್ತದೆ, ಒಂದೆಡೆ ಮನಸ್ಸಿಟ್ಟು ಕೂರುವುದು ಅದಕ್ಕೆ ಕಷ್ಟವಾಗುತ್ತದೆ, ಕೇಳಿದ್ದು ನೆನಪಿನಲ್ಲಿ ಉಳಿಯುವುದಿಲ್ಲ. ತರಗತಿಯಲ್ಲಿ ಅದು ದಡ್ಡ ಮಗುವಿನಂತೆಯೋ ಸೋಮಾರಿ ಮಗುವಿನಂತೆಯೋ ಕಾಣುತ್ತದೆ.

ಇದರ ಅತಿ ಸಾಮಾನ್ಯ ಕಾರಣ ಕಬ್ಬಿಣಾಂಶದ ಕೊರತೆ. ಊಟದಲ್ಲಿ ಸೊಪ್ಪು, ಕಾಳು, ಮಾಂಸ ಕಡಿಮೆಯಾಗುವುದು ಒಂದು ಕಡೆಯಾದರೆ, ಬರಿಗಾಲಿನಲ್ಲಿ ಓಡಾಡುವಾಗ ಅಂಗಾಲಿನ ಮೂಲಕ ಮೈ ಸೇರುವ ಕೊಕ್ಕೆಹುಳು ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುವುದು ಇನ್ನೊಂದು ಕಡೆ. ಇದಕ್ಕೆ ಪರಿಹಾರ ಗೊತ್ತಿರುವುದೇ: ಆರು ತಿಂಗಳಿನಿಂದ ಐದು ವರ್ಷದವರಿಗೆ ವಾರಕ್ಕೆರಡು ಬಾರಿ ಕಬ್ಬಿಣಾಂಶದ ಸಿರಪ್, ಶಾಲೆಯ ಚಿಕ್ಕ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಮಾತ್ರೆ, ಹದಿಹರೆಯದವರಿಗೆ ನೀಲಿ ಮಾತ್ರೆ, ಜೊತೆಗೆ ಜಂತುಹುಳುವಿನ ಅಲ್ಬೆಂಡಝೋಲ್ ಮಾತ್ರೆ. ಶೌಚಾಲಯ ಮತ್ತು ಚಪ್ಪಲಿ ಕೂಡ ಇದೇ ಚಿಕಿತ್ಸೆಯ ಭಾಗವೆಂದು ತಿಳಿಯಬೇಕು.

ಎರಡನೆಯ ಬಗೆ ಹುಟ್ಟಿನಿಂದಲೇ ಬರುವ ಕುಡಗೋಲು ಕಣ ರೋಗ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಇದರಲ್ಲಿ ಹಿಮೋಗ್ಲೋಬಿನ್ ತಯಾರಿಕೆಯ ಸೂಚನೆಯಲ್ಲಿಯೇ ಒಂದು ಸಣ್ಣ ವ್ಯತ್ಯಾಸವಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ದುಂಡಗಿರಬೇಕಾದ ಕೆಂಪು ಕಣಗಳು ಕುಡಗೋಲಿನಂತೆ ಬಾಗಿ, ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಲ್ಲಿ ಸಿಕ್ಕಿಕೊಳ್ಳುತ್ತವೆಯೋ ಅಲ್ಲಿ ತಡೆಯಲಾರದ ನೋವು. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬದುಕಿದರೆ ಇಂಥ ಕಣ ಬದುಕುವುದು 10ರಿಂದ 20 ದಿನ ಮಾತ್ರ. ಆದ್ದರಿಂದಲೇ ರಕ್ತ ಯಾವಾಗಲೂ ಕಡಿಮೆ.

ಈ ರೋಗ ಕೆಲವು ಸಮುದಾಯಗಳಲ್ಲಿ ಹೆಚ್ಚಾಗಿರುವುದಕ್ಕೂ ಕಾರಣವಿದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದವರನ್ನು ವಾಹಕರು ಎನ್ನುತ್ತಾರೆ. ಅವರು ಬಹುಮಟ್ಟಿಗೆ ಆರೋಗ್ಯವಂತರಾಗಿರುತ್ತಾರೆ, ಮಾತ್ರವಲ್ಲ, ತೀವ್ರ ಮಲೇರಿಯಾದಿಂದ ಅವರಿಗೆ ಸಾಕಷ್ಟು ರಕ್ಷಣೆ ಇರುತ್ತದೆ. ಮಲೇರಿಯಾ ಪೀಡಿತ ಕಾಡುಗಳಲ್ಲಿ ತಲೆತಲಾಂತರದಿಂದ ಬದುಕಿದವರಲ್ಲಿ ಈ ಗುಣ ಉಳಿದು ಬಂದದ್ದು ಹೀಗೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಅಂಟುವ ರೋಗವೂ ಇದಲ್ಲ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸುರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು, ಮಗು ತಾನೂ ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿದೆಯಾದ್ದರಿಂದ ಮುಂದಿನ ಮೂರಕ್ಕೆ ಬರುವುದಿಲ್ಲ ಎಂದು ಲೆಕ್ಕ ಹಾಕುವಂತಿಲ್ಲ. ಪ್ರತಿ ಬಾರಿಯೂ ಸಂಭವ ಹೊಸದಾಗಿಯೇ ಇರುತ್ತದೆ. ಅಭಿಯಾನದಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷಿಸಿ ಕಾರ್ಡು ಕೊಡುವ ಗುರಿಯಿಟ್ಟದ್ದು ಮದುವೆಗೆ ಮೊದಲೇ ಈ ಮಾಹಿತಿ ಕುಟುಂಬಗಳಿಗೆ ಸಿಗಲಿ ಎಂದು. ಆದರೆ ಸರಿಯಾಗಿ ವಿವರಿಸದೆ ಹಂಚಿದ ಕಾರ್ಡು ಹುಡುಗಿಯ ಮೇಲೆ ಕಳಂಕವಾಗಿ ಕೂರುವ ಅಪಾಯವಿದೆ. ಆಪ್ತವಾಗಿ ತಿಳಿಹೇಳುವ ಕೆಲಸ ಪರೀಕ್ಷೆಗಿಂತ ಹೆಚ್ಚು ಸಮಯ ಬೇಡುತ್ತದೆ.

ಎರಡು ಬಗೆಗಳ ವ್ಯತ್ಯಾಸವನ್ನು ಇಷ್ಟು ದೀರ್ಘವಾಗಿ ಹೇಳಲು ಕಾರಣವಿದೆ. ಕುಡಗೋಲು ಕಣ ರೋಗವಿರುವ ಮಗುವಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟ ಮಾತ್ರಕ್ಕೆ ರಕ್ತ ಹೆಚ್ಚುವುದಿಲ್ಲ. ಪದೇಪದೇ ರಕ್ತ ಹಾಕಿಸಿಕೊಂಡ ಮಗುವಿನ ಮೈಯಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗಿ ತೊಂದರೆಯೂ ಆಗಬಹುದು. ಅದೇ ವೇಳೆ ಒಂದೇ ಮಗುವಿಗೆ ಎರಡೂ ಬಗೆಯ ರಕ್ತಹೀನತೆ ಇರುವುದು ಸಾಧ್ಯ. ಆದ್ದರಿಂದ ಮಾತ್ರೆ ತಿಂಗಳುಗಟ್ಟಲೆ ತಿಂದರೂ ರಕ್ತ ಏರದಿದ್ದರೆ, ಮಗು ಆಗಾಗ ಕೈಕಾಲು ನೋವೆಂದು ಅತ್ತರೆ, ಕಣ್ಣು ಹಳದಿಯಾದರೆ, ಆರು ತಿಂಗಳು ದಾಟಿದ ಕೂಸಿನ ಅಂಗೈ ಅಂಗಾಲು ಊದಿಕೊಂಡರೆ ಪರೀಕ್ಷೆ ಮಾಡಿಸಬೇಕು. ರೋಗ ಖಚಿತವಾದ ಎಳೆಯ ಮಕ್ಕಳಿಗೆ ಸೋಂಕು ತಡೆಯಲು ಪೆನಿಸಿಲಿನ್ ಮತ್ತು ನ್ಯುಮೋನಿಯಾದ ಲಸಿಕೆ, ನೋವಿನ ಸರದಿಯನ್ನು ಕಡಿಮೆ ಮಾಡಲು ವೈದ್ಯರ ನಿಗಾದಲ್ಲಿ ಹೈಡ್ರಾಕ್ಸಿಯೂರಿಯಾ ಕೊಡುತ್ತಾರೆ.

ಶಾಲೆಗೂ ಇದರಲ್ಲಿ ನೇರ ಪಾತ್ರವಿದೆ. ನೀರು ಕಡಿಮೆ ಕುಡಿಯುವುದು, ಚಳಿ, ಜ್ವರ, ಅತಿಯಾದ ದಣಿವು ಇವು ನೋವನ್ನು ಕೆರಳಿಸುತ್ತವೆ. ಆ ಮಗು ತರಗತಿಯ ನಡುವೆ ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಅಡ್ಡಿಯಿರಬಾರದು. ಮೈದಾನದಲ್ಲಿ ಒತ್ತಾಯದಿಂದ ಓಡಿಸಬಾರದು. ವಸತಿ ಶಾಲೆಯಲ್ಲಿ ತಣ್ಣೀರು ಸ್ನಾನ ಮಾಡಿಸದೆ, ಚಳಿಗಾಲದಲ್ಲಿ ಸಾಕಷ್ಟು ಕಂಬಳಿ ಕೊಡಬೇಕು. ಪದೇಪದೇ ಗೈರುಹಾಜರಾಗುವ ಮಗುವಿಗೆ ತಪ್ಪಿದ ಪಾಠಗಳನ್ನು ಹೇಳಿಕೊಡುವವರು ಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ, ಶಿಕ್ಷಕರಿಗೆ ವಿಷಯ ಗೊತ್ತಿದ್ದರೆ ಸಾಕು.

ಕಾಡಿನ ಊಟ ಹೋಗಿ ಪಡಿತರ ಬಂದಾಗ

ಕಾಡುಗೆಣಸು, ಹತ್ತಾರು ಬಗೆಯ ಸೊಪ್ಪು, ಕಳಲೆ, ಅಣಬೆ, ಹಣ್ಣು, ಜೇನು, ಮೀನು, ಏಡಿ, ಜೊತೆಗೆ ಮನೆಯ ಸುತ್ತ ಬೆಳೆದ ರಾಗಿ ಮತ್ತು ಅವರೆ: ಸೋಲಿಗರ, ಜೇನುಕುರುಬರ ಊಟದಲ್ಲಿ ಇವೆಲ್ಲ ಇದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮೊದಲಾದ ಕಡೆಗಳಲ್ಲಿ ಬೇಟೆ, ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯ, ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ ಒಂದೊಂದಾಗಿ ನಿಂತುಹೋದವು. ಅನೇಕ ಹಾಡಿಗಳು ಕಾಡಿನೊಳಗಿನಿಂದ ಅಂಚಿಗೆ ಬಂದವು. ಉಳಿದ ಕಾಡಿನಲ್ಲಿಯೂ ಲಂಟಾನದ ಪೊದೆ ಹಬ್ಬಿ ಗೆಡ್ಡೆ ಸೊಪ್ಪುಗಳಿಗೆ ಜಾಗ ಕಡಿಮೆಯಾಯಿತು. ಪಡಿತರದ ಅಕ್ಕಿ ಹಸಿವನ್ನು ಖಂಡಿತವಾಗಿ ತಗ್ಗಿಸಿತು, ಆ ಉಪಕಾರ ಸಣ್ಣದಲ್ಲ. ಆದರೆ ಅಕ್ಕಿಯಿಂದ ಹೊಟ್ಟೆ ತುಂಬುವುದು ಬೇರೆ, ಕಬ್ಬಿಣ, ಪ್ರೋಟೀನ್, ವಿಟಮಿನ್ ಸಿಗುವುದು ಬೇರೆ. ಮಳೆಗಾಲದಲ್ಲಿ ಕೂಲಿಯೂ ಇಲ್ಲದೆ ಕಾಡೂ ಇಲ್ಲದೆ ಕಳೆಯುವ ತಿಂಗಳುಗಳಿಗಾಗಿ ರಾಜ್ಯ ಸರ್ಕಾರ ಕಾಡಿನ ಬುಡಕಟ್ಟುಗಳಿಗೆ ಬೇಳೆಕಾಳು, ಮೊಟ್ಟೆ, ಎಣ್ಣೆ, ಬೆಲ್ಲ, ತುಪ್ಪಗಳಿರುವ ಪೌಷ್ಟಿಕ ಆಹಾರ ಕೊಡುವ ಯೋಜನೆ ರೂಪಿಸಿದ್ದು ಈ ಕೊರತೆಯನ್ನು ತುಂಬಲು.

2006ರ ಅರಣ್ಯ ಹಕ್ಕು ಕಾಯ್ದೆಯನ್ನು ನಾವು ಭೂಮಿಯ ವಿಷಯವೆಂದಷ್ಟೇ ನೋಡುತ್ತೇವೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕು ದೊರೆತಾಗ ಅದರಲ್ಲಿ ಜೇನು, ನೆಲ್ಲಿ ಮುಂತಾದವನ್ನು ಸಂಗ್ರಹಿಸುವ ಹಕ್ಕೂ ಇತ್ತು. ಮಗುವಿನ ತಟ್ಟೆಯ ದೃಷ್ಟಿಯಿಂದ ನೋಡಿದರೆ ಅದು ಪೌಷ್ಟಿಕತೆಯ ಹಕ್ಕೂ ಹೌದು.

ದೂರದ ಲೆಕ್ಕ

ಬಯಲುಸೀಮೆಯಲ್ಲಿ 5,000 ಜನರಿಗೊಂದು ಆರೋಗ್ಯ ಉಪಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೊಂದು. ಪ್ರಾಥಮಿಕ ಆರೋಗ್ಯ ಕೇಂದ್ರ ಕ್ರಮವಾಗಿ 30,000 ಮತ್ತು 20,000 ಜನರಿಗೊಂದು ಎಂಬುದು ನಿಯಮ. ರಿಯಾಯಿತಿ ಇದ್ದರೂ ಲೆಕ್ಕ ತಲೆಗಳದ್ದೇ, ದಾರಿಯದ್ದಲ್ಲ. ಚದುರಿದ ಹಾಡಿಗಳಲ್ಲಿ 3,000 ಜನ ಸೇರಬೇಕಾದರೆ ಬಹು ವಿಸ್ತಾರವಾದ ಪ್ರದೇಶ ಬೇಕಾಗುತ್ತದೆ. ನವಜಾತ ಶಿಶುವಿಗೆ ಉಸಿರಿನ ಸೋಂಕಾದಾಗ ಅಥವಾ ಭೇದಿಯಿಂದ ಮೈಯ ನೀರು ಬತ್ತಿದಾಗ ಕೈಯಲ್ಲಿರುವುದು ಕೆಲವೇ ಗಂಟೆಗಳು.

ಇದಕ್ಕೆ ದಾರಿ ತೋರಿಸಿದ ಕೆಲಸ ನಡೆದದ್ದು ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ. ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರ ಸಂಸ್ಥೆ ಊರಿನ ಮಹಿಳೆಯರಿಗೇ ತರಬೇತಿ ಕೊಟ್ಟು, ಮನೆಮನೆಗೆ ಕಳುಹಿಸಿ, ನವಜಾತ ಶಿಶುಗಳನ್ನು ಬೆಚ್ಚಗಿಡುವುದು, ಎದೆಹಾಲು ಕುಡಿಸಲು ನೆರವಾಗುವುದು, ಉಸಿರಾಟ ಎಣಿಸಿ ಸೋಂಕನ್ನು ಗುರುತಿಸಿ ಚಿಕಿತ್ಸೆ ಕೊಡುವುದು ಇವನ್ನು ಮಾಡಿಸಿತು. 1999ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ನವಜಾತ ಶಿಶುಗಳ ಸಾವು ಶೇಕಡಾ 62ರಷ್ಟು ಇಳಿದಿತ್ತು. ಇಂದು ದೇಶದೆಲ್ಲೆಡೆ ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡುವ ಕ್ರಮಕ್ಕೆ ಆ ಪ್ರಯೋಗವೇ ಆಧಾರ. ಹಾಡಿಯಲ್ಲಿ ಈ ಭೇಟಿ ಫಲ ಕೊಡಬೇಕಾದರೆ ಆಶಾ ಅದೇ ಸಮುದಾಯದವಳಾಗಿರುವುದು ಬಹಳ ಸಹಾಯಕ. ಬಾಣಂತಿಗೆ ಮನೆಯವರು ಏನು ಪಥ್ಯ ಹೇಳುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾರ ಮಾತು ಕೇಳುತ್ತಾರೆ ಎಂಬುದು ಅವಳಿಗೆ ಯಾರೂ ಹೇಳದೆಯೇ ಗೊತ್ತಿರುತ್ತದೆ.

ಶಾಲೆಯ ಬಾಗಿಲಿನ ಆಚೆಗೆ

ಶಿಕ್ಷಣದ ವಿಷಯದಲ್ಲಿ ಮೂರು ಅಳತೆಗಳನ್ನು ಬೇರ್ಪಡಿಸಿ ನೋಡಬೇಕು: ಹೆಸರು ದಾಖಲಾಗಿದೆಯೇ, ಮಗು ದಿನವೂ ಬರುತ್ತಿದೆಯೇ, ಬಂದ ಮಗು ಕಲಿಯುತ್ತಿದೆಯೇ. ಮೊದಲನೆಯದರಲ್ಲಿ ದೊಡ್ಡ ಸುಧಾರಣೆಯಾಗಿದೆ. ತೊಂದರೆ ಇರುವುದು ಉಳಿದ ಎರಡರಲ್ಲಿ.

ಹಾಜರಾತಿ ತಪ್ಪುವುದಕ್ಕೆ ಕೆಲಸದ ಋತುಮಾನವೇ ಮುಖ್ಯ ಕಾರಣ. ಕೊಡಗಿನಲ್ಲಿ ಅರೇಬಿಕಾ ಕಾಫಿ ಕೊಯ್ಲು ನವೆಂಬರ್ ಸುಮಾರಿಗೆ ಆರಂಭವಾಗುತ್ತದೆ, ರೋಬಸ್ಟಾ ಕೊಯ್ಲು ಮಾರ್ಚ್‌ವರೆಗೂ ನಡೆಯುತ್ತದೆ. ಕುಟುಂಬ ತೋಟದ ಲೈನ್ ಮನೆಗೆ (ಕೂಲಿಯವರ ಸಾಲುಮನೆಗೆ) ಹೋದಾಗ ಮಗುವೂ ಹೋಗುತ್ತದೆ. ತಂಗಿ ತಮ್ಮಂದಿರನ್ನು ನೋಡಿಕೊಳ್ಳುವ ಹೊಣೆ ಅದರದ್ದಾಗುತ್ತದೆ. ಜೂನ್‌ನಲ್ಲಿ ಆರಂಭವಾಗುವ ಶಾಲಾ ವರ್ಷದ ನಟ್ಟನಡುವೆ ಈ ತಿಂಗಳುಗಳು ಬರುತ್ತವೆ, ಮಗು ಹಿಂದಿರುಗುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಪೋಷಕರಿಗೆ ಓದಿನ ಬಗ್ಗೆ ಆಸಕ್ತಿಯಿಲ್ಲ ಎಂದು ಹೇಳಿಬಿಡುವುದು ಸುಲಭ. ಆದರೆ ಮಗುವನ್ನು ಯಾರ ಬಳಿ ಬಿಟ್ಟು ಹೋಗಬೇಕು ಎಂಬ ಅವರ ಪ್ರಶ್ನೆಗೆ ಶಾಲೆಯ ಬಳಿ ಉತ್ತರವಿರಬೇಕು. ಕೊಯ್ಲಿನ ತಿಂಗಳುಗಳಿಗೆ ಮಾತ್ರ ನಡೆಯುವ ವಸತಿ ವ್ಯವಸ್ಥೆ, ಕೆಲಸದ ಸ್ಥಳದ ಹತ್ತಿರ ಟೆಂಟ್ ಶಾಲೆ, ತೋಟದ ಬಳಿ ಹಗಲಿನಲ್ಲಿ ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಇವು ಅಂಥ ಉತ್ತರಗಳು.

ಕಲಿಕೆಯ ತೊಡಕಿನಲ್ಲಿ ಭಾಷೆಯ ಪಾಲು ದೊಡ್ಡದು. ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳು ಮನೆಯಲ್ಲಿ ಆಡುವ ನುಡಿಗಳು ಪಠ್ಯಪುಸ್ತಕದ ಕನ್ನಡಕ್ಕಿಂತ ಬೇರೆ. ಸೋಲಿಗರ ನುಡಿ ಕನ್ನಡಕ್ಕೆ ಹತ್ತಿರವಾದರೂ ಪುಸ್ತಕದ ಕನ್ನಡವಲ್ಲ. ಒಂದನೆಯ ತರಗತಿಯಲ್ಲಿ ಆ ಮಗು ಹೊಸ ಭಾಷೆಯನ್ನೂ ಓದು ಬರಹವನ್ನೂ ಏಕಕಾಲಕ್ಕೆ ಕಲಿಯಬೇಕಾಗುತ್ತದೆ. ಒಡಿಶಾ ರಾಜ್ಯವು 2006ರಿಂದ ಬುಡಕಟ್ಟು ಭಾಷೆಗಳಲ್ಲಿ ಆರಂಭಿಸಿ ಕ್ರಮೇಣ ಒಡಿಯಾಕ್ಕೆ ದಾಟಿಸುವ ಬಹುಭಾಷಾ ಶಿಕ್ಷಣವನ್ನು ನಡೆಸುತ್ತ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆನ್ನುತ್ತದೆ. ನಮ್ಮಲ್ಲಿ ಪ್ರತ್ಯೇಕ ಪಠ್ಯಪುಸ್ತಕ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಹಾಡಿಯಲ್ಲಿಯೇ ಓದಿ ಬೆಳೆದ ಯುವತಿಯೊಬ್ಬಳು ಅಂಗನವಾಡಿಯಲ್ಲಿಯೂ ಒಂದು ಎರಡನೆಯ ತರಗತಿಯಲ್ಲಿಯೂ ಶಿಕ್ಷಕರ ಜೊತೆ ಇದ್ದು ಎರಡೂ ನುಡಿಗಳಲ್ಲಿ ಮಾತನಾಡಿಸಿದರೆ ಮಗುವಿನ ಬಾಯಿ ತೆರೆಯುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ ಮಾದರಿ ನಿಯಮಗಳ ಪ್ರಕಾರ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರ್ ಒಳಗೆ, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆಯಿರಬೇಕು. ಕಾಡಿನ ದಾರಿಯಲ್ಲಿ ಇದು ಸಾಧ್ಯವಾಗದ ಕಡೆಗಳಲ್ಲಿ ಬಂದದ್ದು ಗಿರಿಜನ ಆಶ್ರಮ ಶಾಲೆ, ಅಂದರೆ ಊಟ ವಸತಿ ಸಹಿತ ಓದುವ ಶಾಲೆ. ಇವುಗಳಲ್ಲಿ ಅನೇಕವು ಕೆಳಹಂತದ ತರಗತಿಗಳಿಗೆ ಸೀಮಿತ. ಅಲ್ಲಿಂದ ಮುಂದೆ ಮಗು ದೊಡ್ಡ ಊರಿನ ಶಾಲೆಗೋ ಬೇರೆ ವಸತಿನಿಲಯಕ್ಕೋ ಹೋಗಬೇಕು. ಅಪರಿಚಿತ ಮಕ್ಕಳು, ಹಾಡಿಯವರೆಂಬ ಕೀಳು ಮಾತು, ಹಿಂದುಳಿದ ಕಲಿಕೆ, ಬಸ್ಸಿಲ್ಲದ ದಾರಿ ಎಲ್ಲವೂ ಈ ಘಟ್ಟದಲ್ಲಿ ಒಟ್ಟಿಗೆ ಎದುರಾಗುತ್ತವೆ. ಮಕ್ಕಳು ಶಾಲೆ ಬಿಡುವುದೂ ಇಲ್ಲಿಯೇ. ಏಕಲವ್ಯ ಮಾದರಿ ವಸತಿ ಶಾಲೆಗಳು 6ರಿಂದ 12ನೆಯ ತರಗತಿಯವರೆಗೆ ಇವೆಯಾದರೂ ಪ್ರವೇಶಕ್ಕೆ ಪರೀಕ್ಷೆ ಬರೆಯಬೇಕು, ಐದನೆಯ ತರಗತಿಯಲ್ಲಿ ಓದು ಗಟ್ಟಿಯಾಗದ ಮಗು ಅದನ್ನು ದಾಟಲಾರದು. ಆದ್ದರಿಂದ ಹೊಸ ಕಟ್ಟಡಗಳಿಗಿಂತ ಮೊದಲು ಆಗಬೇಕಾದದ್ದು ಐದರಿಂದ ಆರಕ್ಕೆ ಹೋಗುವ ಪ್ರತಿ ಮಗುವಿನ ಹೆಸರು ಹಿಡಿದು ಹಿಂಬಾಲಿಸುವ ಕೆಲಸ. ಬೇಸಿಗೆ ರಜೆಯಲ್ಲಿ ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ, ಆಧಾರ್ ಇವನ್ನು ಮಾಡಿಸಿಕೊಡುವವರು ಒಬ್ಬರಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಾರೆ.

ಎರಡನ್ನೂ ಕೂಡಿಸಿದ ಕಡೆಗಳು

ಆರೋಗ್ಯ ಮತ್ತು ಶಿಕ್ಷಣ ಸರ್ಕಾರದಲ್ಲಿ ಬೇರೆ ಬೇರೆ ಇಲಾಖೆಗಳು. ಅಂಗನವಾಡಿ ಮೂರನೆಯದಕ್ಕೆ, ಆಶ್ರಮ ಶಾಲೆ ನಾಲ್ಕನೆಯದಕ್ಕೆ, ಕಾಡು ಐದನೆಯದಕ್ಕೆ ಸೇರುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇವುಗಳ ನಡುವಿನ ಒಂದು ಕೊಂಡಿ. ಅದರ ಸಂಚಾರಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬಂದು ಹುಟ್ಟಿನ ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಇವನ್ನು ಹುಡುಕಬೇಕು. ತಂಡ ಬರುವ ದಿನ ಹಾಡಿಯ ಮಕ್ಕಳು ತೋಟದಲ್ಲಿದ್ದರೆ ತಪಾಸಣೆ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ. ಭೇಟಿಯ ದಿನವನ್ನು ಕೊಯ್ಲಿನ ಕಾಲ ನೋಡಿ ಗೊತ್ತುಮಾಡುವುದರಿಂದಲೇ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಅನುಭವ ಇಲ್ಲಿ ಉಪಯುಕ್ತ. ವೈದ್ಯಕೀಯ ನೆರವಿನಿಂದ ಆರಂಭವಾದ ಕೆಲಸ ಬೇಗನೆ ಶಾಲೆಗೆ, ಜೀವನೋಪಾಯಕ್ಕೆ, ಭೂಮಿ ಮತ್ತು ಕಾಡಿನ ಹಕ್ಕಿಗೆ ಹರಡಿಕೊಂಡಿತು, ಏಕೆಂದರೆ ಔಷಧಿ ಕೊಟ್ಟು ಕಳುಹಿಸಿದ ಮಗು ಅದೇ ಹಸಿವಿಗೆ ಹಿಂದಿರುಗುತ್ತಿತ್ತು. ಬುಡಕಟ್ಟು ಹೆಣ್ಣುಮಕ್ಕಳಿಗೇ ಕಿರಿಯ ಆರೋಗ್ಯ ಸಹಾಯಕಿಯರ ತರಬೇತಿ ಕೊಡಿಸಿ ಅವರವರ ಪ್ರದೇಶಗಳಲ್ಲಿ ಕೆಲಸಕ್ಕೆ ನಿಯೋಜಿಸಿದ್ದು ಅಲ್ಲಿನ ಒಂದು ಮುಖ್ಯ ಹೆಜ್ಜೆ. ಹೆಗ್ಗಡದೇವನಕೋಟೆಯಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೂಡ ಸರಗೂರಿನಲ್ಲಿ ಆಸ್ಪತ್ರೆಯನ್ನೂ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ವಸತಿ ಶಾಲೆಯನ್ನೂ ನಡೆಸಿಕೊಂಡು ಬಂದಿದೆ. ಈ ಎರಡೂ ಕಡೆ ಕಾಲಾಂತರದಲ್ಲಿ ಅಲ್ಲಿಯೇ ಓದಿದವರು ಅಲ್ಲಿಯೇ ಕಲಿಸುವವರೂ ಶುಶ್ರೂಷೆ ಮಾಡುವವರೂ ಆದರು. ಹೊರಗಿನಿಂದ ಬಂದವರು ವರ್ಗಾವಣೆ ಪಡೆದು ಹೋಗುವ ಕಾಡಂಚಿನಲ್ಲಿ ಸೇವೆ ನಿಲ್ಲದೆ ಮುಂದುವರಿಯಲು ಇದಕ್ಕಿಂತ ಭದ್ರವಾದ ವ್ಯವಸ್ಥೆ ಇನ್ನೊಂದು ಕಾಣುವುದಿಲ್ಲ.

ಇಂಥ ಸಂಸ್ಥೆಗಳಿಲ್ಲದ ಹಾಡಿಗಳೇ ಹೆಚ್ಚು. ಅಲ್ಲಿ ಈ ಕೊಂಡಿಯನ್ನು ಕಟ್ಟಬೇಕಾದವರು ಗ್ರಾಮ ಪಂಚಾಯಿತಿ, ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಲೆಯ ಮುಖ್ಯ ಶಿಕ್ಷಕರು ಮತ್ತು ಹಾಡಿಯ ಯಜಮಾನ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಹಾಜರಾತಿ ಪುಸ್ತಕದ ಪಕ್ಕದಲ್ಲಿಯೇ ತೂಕದ ಪುಸ್ತಕವನ್ನೂ ಇಟ್ಟುಕೊಂಡು ಓದಿದರೆ, ಹತ್ತು ದಿನಕ್ಕಿಂತ ಹೆಚ್ಚು ಗೈರುಹಾಜರಾದ ಮಗುವಿನ ಮನೆಗೆ ಆಶಾ ಮತ್ತು ಶಿಕ್ಷಕರು ಜೊತೆಯಾಗಿ ಹೋದರೆ, ಕುಟುಂಬ ಕೊಡಗಿಗೆ ಹೊರಡುವ ಮುನ್ನ ತಾಯಿ ಕಾರ್ಡು, ಲಸಿಕೆಯ ವಿವರ, ಕುಡಗೋಲು ಕಣ ಪರೀಕ್ಷೆಯ ಕಾರ್ಡು ಮತ್ತು ಒಂದು ತಿಂಗಳ ಮಾತ್ರೆಗಳನ್ನು ಕೈ ಸೇರಿಸಿ, ಆ ಕಡೆಯ ಅಂಗನವಾಡಿಗೆ ಮೊದಲೇ ಫೋನಿನಲ್ಲಿ ತಿಳಿಸಿದರೆ, ಮಗು ಹೋದ ಕಡೆಯಲ್ಲಿಯೂ ಅದಕ್ಕೆ ಊಟ, ಔಷಧಿ ಮತ್ತು ಪಾಠ ಸಿಗುತ್ತದೆ.